ಬೆಳಗಿನ ರಾಗವನ್ನು ಬೆಳಗಿನ ಹೊತ್ತಿನಲ್ಲೇ ಕೊನೆಯದಾಗಿ ಕೇಳಿದ್ದು ಎಲ್ಲಿ?

ಮಾಳಮಡ್ಡಿ ಹಳಬ

ಮರೆಯಲಾಗದ ಹಿಂದೂಸ್ತಾನಿ ಸಂಗೀತ ಕಚೇರಿ ಯಾವುದು ಎಂದು ನಮ್ಮ ಕಡೆ ಯಾರನ್ನಾದರೂ ಕೇಳಿ, ಹೆಸರುಗಳು ಉದುರುತ್ತವೆ: ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು. ಅಲ್ಲಿಗೆ ಮಾತು ಮುಗಿಯುತ್ತದೆ. ಈ ಚರ್ಚೆಯಲ್ಲಿ ಹಾಗಾಗುವುದು ಬೇಡ. ಯಾವ ರಾಗ, ಎಷ್ಟು ಹೊತ್ತಿಗೆ, ಎಲ್ಲಿ ಕುಳಿತು ಕೇಳಿದಿರಿ, ಮನೆಗೆ ಹೋಗುವಾಗ ದಾರಿಯಲ್ಲಿ ಏನು ಮಾತಾಡಿಕೊಂಡಿರಿ, ಅದನ್ನು ಬರೆಯಿರಿ.

ನನ್ನದು ಮನಸೂರರ ಕೊನೆಯ ವರ್ಷಗಳ ಒಂದು ಬೆಳಗಿನ ಬೈಠಕ್, ಅಂದರೆ ಮನೆಯೊಳಗಿನ ಪುಟ್ಟ ಕಚೇರಿ. ಧಾರವಾಡದಲ್ಲೇ, ಪರಿಚಿತರೊಬ್ಬರ ಮನೆಯ ಮಹಡಿಯಲ್ಲಿ. ಜಮಖಾನೆಯ ಮೇಲೆ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಜನ. ಅವರು ಬಂದರು, ಕುಳಿತರು, ಎರಡೂ ತಂಬೂರಿಗಳನ್ನು ಒಮ್ಮೆ ಕಿವಿಗೊಟ್ಟು ಕೇಳಿದರು, ಹಾಡಿದರು. ಪೀಠಿಕೆಯಿಲ್ಲ, ನಮಸ್ಕಾರದ ಭಾಷಣವಿಲ್ಲ. ಉದ್ದನೆಯ ಆಲಾಪಕ್ಕೆ ಕಾಯುತ್ತಿದ್ದವರಿಗೆ ಅಚ್ಚರಿಯಾಗುವಂತೆ ಮೊದಲ ಕೆಲವು ಕ್ಷಣಗಳಲ್ಲೇ ತಾಳಕ್ಕೆ ಕೂಡಿಸಿದ ರಚನೆಯನ್ನೇ, ಬಂದಿಶ್ ಅನ್ನೇ, ಹಿಡಿದುಬಿಟ್ಟರು. ಜೈಪುರ-ಅತ್ರೌಲಿ ಘರಾಣೆಯ, ಅಂದರೆ ಆ ಗಾಯನ ಪರಂಪರೆಯ, ರೀತಿಯೇ ಅದು. ರಾಗವನ್ನು ಹೊರಗೆ ನಿಂತು ತೋರಿಸುವುದಿಲ್ಲ, ಒಳಗೆ ಹೋಗಿ ತಾಳದ ಜೊತೆಯಲ್ಲೇ ಬಿಡಿಸುತ್ತಾರೆ. ರಾಗ ಭೈರವದಂತೆ ಕೇಳಿಸಿತು, ಮರುಕ್ಷಣ ಭೈರವದಲ್ಲಿಲ್ಲದ ಕೋಮಲ ಗಂಧಾರ ಇಣುಕಿ ಹೋಯಿತು, ಮತ್ತೆ ಭೈರವ. ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಮಾತ್ರ ‘ಶಿವಮತ’ (ಶಿವಮತ ಭೈರವ ರಾಗ) ಎಂದು ತಮಗೆ ತಾವೇ ಹೇಳಿಕೊಂಡರು. ಉಳಿದವರು ರೈಲ್ವೆ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಅದು ಯಾವ ರಾಗ ಎಂದು ಜಗಳವಾಡಿದೆವು. ಸ್ವರ ಬರೆದು ತೋರಿಸಲು ಬಿಲ್ಲಿನ ಹಿಂಬದಿಯೇ ಬೇಕಾಯಿತು.

ಈಗ ನನ್ನ ತಕರಾರು. ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲಿ ಇಂದಿಗೂ ಕಚೇರಿಗಳಿಗೆ ಕೊರತೆಯಿಲ್ಲ. ಆದರೆ ಬಹುಪಾಲು ಸಂಜೆ ಆರಕ್ಕೆ ಆರಂಭ, ಒಂಬತ್ತೂವರೆಗೆ ಮುಕ್ತಾಯದ ಭೈರವಿ. ಹಿಂದೂಸ್ತಾನಿಯಲ್ಲಿ ಒಂದೊಂದು ರಾಗಕ್ಕೆ ದಿನದ ಒಂದೊಂದು ಹೊತ್ತು. ಹೀಗಾಗಿ ನಾವು ಸಂಜೆ, ರಾತ್ರಿಯ ಯಮನ್, ಪೂರಿಯಾ, ಬಾಗೇಶ್ರೀಗಳನ್ನು ಕಂಠಪಾಠವಾಗುವಷ್ಟು ಕೇಳುತ್ತೇವೆ. ನನ್ನ ಮೊಮ್ಮಗಳು ಸಂಗೀತ ಕಲಿಯುತ್ತಿದ್ದಾಳೆ. ಬೆಳಗಿನ ರಾಗವಾದ ತೋಡಿಯನ್ನು ಅವಳು ಕೇಳಿರುವುದು ಮೊಬೈಲ್‌ನಲ್ಲಿ ಮಾತ್ರ, ಅದೂ ರಾತ್ರಿ ಮಲಗುವ ಮುಂಚೆ. ಲಲಿತ್ ರಾಗವನ್ನು ಅದರ ಹೊತ್ತಾದ ಬೆಳಗಿನ ಜಾವಕ್ಕೆ, ಎದುರು ಕುಳಿತು, ನೀವು ಕೊನೆಯದಾಗಿ ಕೇಳಿದ್ದು ಎಲ್ಲಿ?

ಕುಂದಗೋಳ ಪ್ಯಾಸೆಂಜರ್

ಪ್ರಶ್ನೆಗೆ ಉತ್ತರ ಒಂದೇ ಊರಿನಲ್ಲಿದೆ. ಕುಂದಗೋಳದ ನಾಡಗೀರರ ದೊಡ್ಡ ಮನೆ, ನಾಡಗೀರ ವಾಡೆ.

ಗೊತ್ತಿಲ್ಲದ ಕಿರಿಯರಿಗಾಗಿ: ಕುಂದಗೋಳ ಹುಬ್ಬಳ್ಳಿಯಿಂದ ಹಾವೇರಿಯ ಕಡೆಗೆ ಹೋಗುವ ರೈಲು ಮಾರ್ಗದಲ್ಲಿದೆ. ಸವಾಯಿ ಗಂಧರ್ವರ ಊರು. ಅವರ ನಿಜವಾದ ಹೆಸರು ರಾಮಭಾವು ಕುಂದಗೋಳಕರ, ಹುಟ್ಟಿದ್ದು 1886ರಲ್ಲಿ. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ಈ ವಾಡೆಗೆ ಬರುತ್ತಿದ್ದರು, ರಾಮಭಾವು ಅವರ ಶಿಷ್ಯರಾದರು. ಮುಂದೆ ಗಂಗೂಬಾಯಿಯವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಕಲಿತದ್ದೂ, ಭೀಮಸೇನರು ಗುರುವಿನ ಮನೆಯಲ್ಲಿ ನೀರು ಹೊತ್ತು ಕಲಿತದ್ದೂ ಇದೇ ಕುಂದಗೋಳದಲ್ಲಿ. ಗುರುವಿನ ಪುಣ್ಯತಿಥಿಗೆ ವಾಡೆಯಲ್ಲಿ ಅಹೋರಾತ್ರಿ ಸಂಗೀತ ನಡೆಯುವ ಪರಿಪಾಠ ಬೆಳೆಯಿತು. ದೇಶವಿದೇಶಗಳಲ್ಲಿ ಹಾಡುತ್ತಿದ್ದ ಭೀಮಸೇನರು ಇಲ್ಲಿಗೆ ಶಿಷ್ಯನಾಗಿ ಬರುತ್ತಿದ್ದರು. ಬಿದಾಗಿಯ (ಸಂಭಾವನೆಯ) ಮಾತೇ ಇರಲಿಲ್ಲ.

ನಾನು ಮೊದಲ ಬಾರಿ ಹೋದಾಗ ನೋಡಿದ್ದು ಸಂಗೀತಗಾರರನ್ನಲ್ಲ, ಕೇಳುಗರನ್ನು. ಹೊಲದ ಕೆಲಸ ಮುಗಿಸಿ ಕಂಬಳಿ ಹೊದ್ದು ಬಂದ ರೈತರು, ಎಲೆ ಅಡಿಕೆಯ ಚೀಲ ಬಿಚ್ಚಿಟ್ಟುಕೊಂಡ ಮುದುಕರು, ಮೇಲಿನ ಪಡಸಾಲೆಯ ಕಟಾಂಜನಕ್ಕೆ ಒರಗಿದ ಹೆಂಗಸರು. ನನ್ನ ಪಕ್ಕದ ಅಜ್ಜ ಅಕ್ಷರ ಓದಿದವರಲ್ಲ. ತಬಲೆಯವನು ಏಕತಾಲದ ವಿಲಂಬಿತದಲ್ಲಿ ಒಂದು ಮಾತ್ರೆ ಎಳೆದಾಗ ಅವರ ಬೆರಳು ನಿಂತಿತು, ತಾಳದ ಮೊದಲ ಮಾತ್ರೆಯಾದ ಸಮ್ ಬಂದ ಮೇಲೆ ನನ್ನ ಕಡೆ ತಿರುಗಿ ತಲೆಯಾಡಿಸಿದರು.

ರಾತ್ರಿಯೆಲ್ಲ ರಾಗಗಳು ಗಡಿಯಾರದ ಕೆಲಸ ಮಾಡುತ್ತಿದ್ದವು. ಕಿರಿಯರ ಪೂರಿಯಾ ಧನಾಶ್ರೀ, ಶುದ್ಧ ಕಲ್ಯಾಣ ಮುಗಿದು ಊಟದ ಹೊತ್ತಿಗೆ ಕೇದಾರ, ನಡುರಾತ್ರಿಗೆ ಮಾಲಕಂಸ. ಭೀಮಸೇನರು ದರಬಾರಿಯ ಗಂಧಾರವನ್ನು ಹಿಡಿದು ಅಲುಗಾಡಿಸಿದಾಗ ವಾಡೆಯಲ್ಲಿ ಒಂದು ಕೆಮ್ಮು ಕೂಡ ಇರಲಿಲ್ಲ. ಬೆಳಗಿನ ಜಾವ ಅರ್ಧ ಜನ ಮಲಗಿದ್ದರು. ಹಾಡುತ್ತಿದ್ದವರು ಹೆಸರಾಂತರಲ್ಲ. ತಂಬೂರಿಯ ಪಂಚಮವನ್ನು ಮಧ್ಯಮಕ್ಕೆ ಇಳಿಸಿ ಲಲಿತ್ ಆರಂಭಿಸಿದರು. ಎರಡು ಮಧ್ಯಮಗಳು ಒಂದರ ಬೆನ್ನಿಗೆ ಒಂದು ಬರುತ್ತಿದ್ದಂತೆ ಮಲಗಿದ್ದವರು ಒಬ್ಬೊಬ್ಬರಾಗಿ ಎದ್ದು ಕುಳಿತರು. ಯಾರೂ ಅವರನ್ನು ಎಬ್ಬಿಸಲಿಲ್ಲ. ಮಾಳಮಡ್ಡಿಯವರೇ, ನಾನು ಲಲಿತ್ ಕೇಳಿದ್ದು ಅಲ್ಲಿ.

ವಿದ್ಯಾನಗರ ತಬಲಾ

ಹಿರಿಯರ ಮೇಲೆ ಗೌರವವಿಟ್ಟೇ ಹೇಳುತ್ತೇನೆ: ಈ ‘ಆ ಕಾಲ’ದ ಮಾತು ಕೇಳಿ ಕೇಳಿ ನಮ್ಮ ವಯಸ್ಸಿನವರಿಗೆ ಸಾಕಾಗಿದೆ. ರಾತ್ರಿಯಿಡೀ ಹಾಡಿದರೆ ಮಾತ್ರ ಸಂಗೀತವೇ? ಭೀಮಸೇನರ ಬದುಕನ್ನೇ ತೆಗೆದುಕೊಳ್ಳಿ. ಗದಗಿನಲ್ಲಿ ಬಾಲಕನಾಗಿದ್ದಾಗ ಅವರನ್ನು ಹಿಡಿದು ನಿಲ್ಲಿಸಿದ್ದು ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆ. ಆ ಕಾಲದ ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಸುತ್ತಿದ್ದುದು ಮೂರು ಚಿಲ್ಲರೆ ನಿಮಿಷ. ಆ ಮೂರು ನಿಮಿಷ ಹನ್ನೊಂದು ವರ್ಷದ ಹುಡುಗನನ್ನು ಮನೆ ಬಿಟ್ಟು ಓಡಿಸಿತು. ಇದರ ಮುಂದೆ ಅಹೋರಾತ್ರಿಯ ಹಟ ಏಕೆ?

ನನಗೆ ಮರೆಯದ ಕಚೇರಿ ಹುಬ್ಬಳ್ಳಿಯ ಸವಾಯಿ ಗಂಧರ್ವ ಸಭಾಗೃಹದಲ್ಲಿ ವೆಂಕಟೇಶ ಕುಮಾರರದ್ದು. ಸಂಜೆಯ ಕಚೇರಿಯೇ. ಕುರ್ಚಿಯ ಮೇಲೆಯೇ ಕುಳಿತಿದ್ದೆ. ಮಾರುಬಿಹಾಗ ರಾಗದ ವೇಗದ ಭಾಗವಾದ ದ್ರುತ್ ಮುಗಿಸಿ ಅವರು ದಾಸರ ಪದವೊಂದನ್ನು ಎತ್ತಿಕೊಂಡಾಗ ಸಾಹಿತ್ಯದ ಒಂದು ಅಕ್ಷರವೂ ಒಡೆಯಲಿಲ್ಲ, ರಾಗದ ಒಂದು ಸ್ವರವೂ ಸಡಿಲವಾಗಲಿಲ್ಲ. ಹಿಂದೂಸ್ತಾನಿಯ ಖಯಾಲ್ ಹಾಡುವವರು ಕನ್ನಡ ಹಾಡಿದರೆ ಮಾತು ನುಂಗಿಹೋಗುತ್ತದೆ ಎಂದು ದೂರುವವರನ್ನು ಅಲ್ಲಿ ಕೂರಿಸಬೇಕಿತ್ತು. ಕಚೇರಿ ಮುಗಿಸಿ ಚಿಗರಿ ಬಸ್ ಹತ್ತಿ ನೆಮ್ಮದಿಯಾಗಿ ಮನೆ ಸೇರಿದೆ. ಬೆಳಿಗ್ಗೆ ಕೆಲಸಕ್ಕೂ ಹೋದೆ.

ಮಾಳಮಡ್ಡಿ ಹಳಬ

ಮೂರು ನಿಮಿಷದ ತಟ್ಟೆ ಹುಡುಗನನ್ನು ಓಡಿಸಿತು, ಒಪ್ಪಿದೆ. ಆದರೆ ಓಡಿ ಹೋಗಿ ಅವನು ಮತ್ತೊಂದು ತಟ್ಟೆ ಕೊಳ್ಳಲಿಲ್ಲ. ಗ್ವಾಲಿಯರ್, ರಾಂಪುರ, ಜಾಲಂಧರ ಅಲೆದು ಕುಂದಗೋಳಕ್ಕೆ ಬಂದು ಗುರುವಿನ ಮುಂದೆ ವರ್ಷಗಟ್ಟಲೆ ಕುಳಿತ. ವಾದ ನನ್ನ ಪರವಾಗಿಯೇ ಇದೆ.

ಧ್ವನಿವರ್ಧಕ

ನಾನು ಕಚೇರಿಗಳಿಗೆ ಧ್ವನಿ ವ್ಯವಸ್ಥೆ ಮಾಡುವವನು. ಕೇಳುಗರು ಹಾಡನ್ನು ನೆನಪಿಟ್ಟುಕೊಳ್ಳುತ್ತಾರೆ, ನನಗೆ ನೆನಪಿರುವುದು ಮೈಕ್ ಎಲ್ಲಿಟ್ಟೆ ಎಂಬುದು.

ವಾಡೆಯ ಅಂಗಳದಲ್ಲಿ ನಾಲ್ಕೂ ಕಡೆ ಮರದ ಕಂಬ, ತೊಲೆ, ಮಣ್ಣಿನ ಗೋಡೆ. ಮೇಲೆ ಬಯಲು. ಧ್ವನಿ ಗೋಡೆಗೆ ಬಡಿದು ಕಿರಿಕಿರಿಯಾಗಿ ಹಿಂದಿರುಗುವುದಿಲ್ಲ. ಅಲ್ಲಿ ಗಾಯಕನ ಮುಂದೆ ಒಂದು ಮೈಕ್, ತಬಲಾಕ್ಕೆ ಒಂದು ಸಾಕು. ಕಾಂಕ್ರೀಟಿನ ಸಭಾಭವನದಲ್ಲಿ ಖಾಲಿ ಕುರ್ಚಿಗಳಿದ್ದರೆ ತಾನಗಳು ಒಂದರ ಮೇಲೊಂದು ಬಿದ್ದು ಮುದ್ದೆಯಾಗುತ್ತವೆ. ಅದನ್ನು ಸರಿಪಡಿಸಲು ನಾವು ಗುಂಡಿ ತಿರುಗಿಸುತ್ತೇವೆ. ಗಾಯಕರು ತಮ್ಮ ಮುಂದಿನ ಸ್ಪೀಕರ್ ಏರಿಸಿ ಎನ್ನುತ್ತಾರೆ, ತಬಲೆಯವರು ತಮ್ಮದನ್ನು ಏರಿಸಿ ಎನ್ನುತ್ತಾರೆ, ಕೊನೆಗೆ ಮದುವೆಯ ಮೆರವಣಿಗೆಯಷ್ಟು ಗದ್ದಲ. ಎಲೆಕ್ಟ್ರಾನಿಕ್ ತಂಬೂರಿಯ ಬಗ್ಗೆ ಬೇರೆ ಹೇಳುವುದಿಲ್ಲ. ಒಂದೇ ಮಾತು: ಮಿರಜಿನ ತಂಬೂರಿಯನ್ನು, ತಂತಿಯಡಿಯ ನೂಲು ಸರಿಸಿ ಜೀವಾರಿ ಕೂಡಿಸಿ ನುಡಿಸಿದಾಗ, ಯಾರೂ ಮೀಟದ ಗಂಧಾರ ತಾನಾಗಿ ಕೇಳಿಸುತ್ತದೆ. ಪೆಟ್ಟಿಗೆಯಿಂದ ಅದನ್ನು ಹಾಗೆ ಹೊರಡಿಸಲು ನನ್ನಿಂದ ಇಂದಿಗೂ ಆಗಿಲ್ಲ.

ನನಗೆ ಮರೆಯದ್ದು ಬಾಲೇಖಾನರ ಸಿತಾರ್. ಧಾರವಾಡದಲ್ಲಿ ನೆಲೆಸಿದ ರಹಿಮತ್ ಖಾನರ ಮೊಮ್ಮಗ, 2007ರಲ್ಲಿ ತೀರಿಕೊಂಡರು. ತಂತಿ ಎಳೆದು ಸ್ವರ ಜಾರಿಸುವ ಮೀಂಡ್‌ನಲ್ಲಿ ಸ್ವರ ಗಂಟಲಿನಿಂದ ಬಂದಂತೆ ಇರುತ್ತಿತ್ತು. ಒಂದು ಮಳೆಗಾಲದ ಸಂಜೆ ಕರೆಂಟ್ ಹೋಯಿತು. ನಾನು ಜನರೇಟರ್ ಕಡೆ ಓಡಿದೆ. ಅವರು ನಿಲ್ಲಿಸದೆ ಮೃದುವಾಗಿ ನುಡಿಸುತ್ತಲೇ ಇದ್ದರು. ಜನರು ಮುಂದಕ್ಕೆ ಸರಿದು ಕುಳಿತರು. ಜನರೇಟರ್ ಶುರುವಾದ ಮೇಲೆ ಸಭಿಕರಲ್ಲೊಬ್ಬರು ಕೈಸನ್ನೆ ಮಾಡಿ ಅದನ್ನು ಆರಿಸಲು ಹೇಳಿದರು. ನನ್ನ ವೃತ್ತಿಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಆದರೂ ಆರಿಸಿದೆ.

ಏಲಕ್ಕಿ ಹಾವೇರಿ

ಇಲ್ಲಿಯವರೆಗೆ ಬರೆದವರೆಲ್ಲ ಖಯಾಲ್ ಕೇಳಿದವರು. ಹಾವೇರಿ ಎಂದರೆ ನಿಮಗೆ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವಾಗ ಸಿಗುವ ನಿಲ್ದಾಣ. ಪಂಚಾಕ್ಷರಿ ಗವಾಯಿಗಳು ಹುಟ್ಟಿದ್ದು ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಪುಟ್ಟರಾಜ ಗವಾಯಿಗಳು ನಮ್ಮ ಜಿಲ್ಲೆಯ ದೇವಗಿರಿಯವರು. ಗಂಗೂಬಾಯಿಯವರ ಹೆಸರಿಗೆ ಅಂಟಿಕೊಂಡ ಊರೂ ನಮ್ಮದೇ. 1997ರವರೆಗೆ ಎಲ್ಲವೂ ಧಾರವಾಡ ಜಿಲ್ಲೆಯೇ ಆಗಿದ್ದರಿಂದ ಕೀರ್ತಿಯೆಲ್ಲ ಧಾರವಾಡದ ಖಾತೆಗೆ ಜಮಾ ಆಯಿತು. ಇರಲಿ.

ಅಹೋರಾತ್ರಿ ಬೇಕೆನ್ನುವವರು ಶಿಶುನಾಳಕ್ಕೆ ಬನ್ನಿ. ಜಾತ್ರೆಯ ರಾತ್ರಿ ಊರೂರಿನ ಭಜನಾ ಮೇಳಗಳು ಬಂದು ಷರೀಫರ ತತ್ವಪದಗಳನ್ನು ಹಾಡುತ್ತವೆ. ಏಕತಾರಿ, ದಮ್ಮಡಿ, ತಾಳ, ಒಂದು ಹಾರ್ಮೋನಿಯಂ. ಟಿಕೆಟ್ ಇಲ್ಲ, ಪಾಸ್ ಇಲ್ಲ, ಮುಂದಿನ ಸಾಲು ಗಣ್ಯರಿಗೆ ಎಂಬ ಚೀಟಿಯಿಲ್ಲ. ಸಿ. ಅಶ್ವತ್ಥ್ ಅವರ ಧಾಟಿಯಲ್ಲಿ ಆ ಪದಗಳನ್ನು ಕೇಳಿ ಬೆಳೆದ ಪೇಟೆಯವರು ಇಲ್ಲಿ ಮೊದಲು ತಬ್ಬಿಬ್ಬಾಗುತ್ತಾರೆ, ಏಕೆಂದರೆ ಒಂದೊಂದು ಊರಿನ ಮೇಳಕ್ಕೆ ಒಂದೊಂದು ಧಾಟಿ. ನಾನು ಕಂಡ ಒಂದು ರಾತ್ರಿ ಎರಡು ಮೇಳಗಳು ಎದುರುಬದುರಾಗಿ ಕುಳಿತವು. ಒಬ್ಬರು ಪದದಲ್ಲಿ ಒಗಟು ಒಡ್ಡುತ್ತಾರೆ, ಇನ್ನೊಬ್ಬರು ಮತ್ತೊಂದು ಪದದಲ್ಲಿ ಅದನ್ನು ಬಿಡಿಸಬೇಕು. ಬಿಡಿಸಲಾಗದಿದ್ದರೆ ಸೋತಂತೆ. ಬೆಳಕು ಹರಿಯುವ ಹೊತ್ತಿಗೆ ಸೋಲುತ್ತಿದ್ದ ಮೇಳದ ಮುದುಕಿಯೊಬ್ಬಳು ಎದ್ದು ನಿಂತು ಗುರು ಗೋವಿಂದ ಭಟ್ಟರ ಹೆಸರೆತ್ತಿ ಒಂದು ಪದ ಹೇಳಿದಳು. ಎದುರಿನವರು ತಾಳ ಕೆಳಗಿಟ್ಟು ನಕ್ಕರು. ಬ್ರಾಹ್ಮಣ ಗುರು, ಮುಸ್ಲಿಂ ಶಿಷ್ಯ, ಹಾಡುವವರು ಲಿಂಗಾಯತರು, ಕುರುಬರು, ಪಿಂಜಾರರು. ಅಲ್ಲಿ ಇದನ್ನು ಯಾರೂ ವಿಶೇಷವೆಂದು ಹೇಳುವುದೂ ಇಲ್ಲ.

ಗದಗ ಸ್ಟೇಷನ್ ರಸ್ತೆ

ಏಲಕ್ಕಿಯವರು ಗವಾಯಿಗಳ ಮಾತೆತ್ತಿದ್ದಕ್ಕೆ ಬರೆಯುತ್ತಿದ್ದೇನೆ. ಮನೆ ನಿಮ್ಮ ಜಿಲ್ಲೆಯದಾದರೂ ಕೆಲಸ ನಮ್ಮೂರಿನದು.

ಗವಾಯಿಗಳ ವೀರೇಶ್ವರ ಪುಣ್ಯಾಶ್ರಮವನ್ನು ಹೊರಗಿನವರು ಅಂಧರ ಆಶ್ರಮ ಎಂದು ತಿಳಿದು ಕನಿಕರದಿಂದ ಬರುತ್ತಾರೆ. ಬೆಳಗಿನ ಜಾವ ಬಂದರೆ ಕನಿಕರ ಉಳಿಯುವುದಿಲ್ಲ. ಒಂದು ಕೋಣೆಯಲ್ಲಿ ಷಡ್ಜ ಸಾಧನೆ, ಪಕ್ಕದಲ್ಲಿ ತಬಲಾ, ಅದರಾಚೆ ವಯೊಲಿನ್, ಮೂಲೆಯಲ್ಲಿ ಯಾರೋ ಪುರಾಣದ ಪದ್ಯಕ್ಕೆ ಹಾರ್ಮೋನಿಯಂ ಹೊಂದಿಸುತ್ತಿರುತ್ತಾರೆ. ಎಲ್ಲವೂ ಒಟ್ಟಿಗೆ ಕಿವಿಗೆ ಬಿದ್ದರೂ ಪ್ರತಿ ಹುಡುಗನೂ ತನ್ನ ಶ್ರುತಿ ಬಿಡುವುದಿಲ್ಲ. ಪಂಚಾಕ್ಷರಿ ಗವಾಯಿಗಳು 1944ರಲ್ಲಿ ತೀರಿಕೊಂಡ ಮೇಲೆ ಪುಟ್ಟರಾಜರು ಇದನ್ನು 2010ರವರೆಗೆ ನಡೆಸಿದರು. ಹಿಂದೂಸ್ತಾನಿ, ಕರ್ನಾಟಕಿ ಎರಡೂ ಬಲ್ಲವರು. ಆಶ್ರಮದ ಅನ್ನಕ್ಕಾಗಿ ನಾಟಕ ಕಂಪನಿ ಕಟ್ಟಿ ಊರೂರು ಸುತ್ತಿದರು. ಕಣ್ಣಿಲ್ಲದವರು ರಂಗದ ಮೇಲೆ ಹೆಜ್ಜೆ ಎಣಿಸಿ ಓಡಾಡಿ ಪಾತ್ರ ಮಾಡುತ್ತಿದ್ದರು.

ನನ್ನ ನೆನಪು ಒಂದು ತುಲಾಭಾರದ ದಿನದ್ದು. ಪುಟ್ಟರಾಜರ ತುಲಾಭಾರಗಳು ಸಾವಿರಾರು ನಡೆದಿವೆ, ಹಾಗಾಗಿ ಅದರಲ್ಲಿ ಹೊಸತೇನಿಲ್ಲ. ಕಾರ್ಯಕ್ರಮದ ಗದ್ದಲ ಮುಗಿದು ಜನರು ಪ್ರಸಾದದ ಕಡೆ ಹೋಗಿದ್ದರು. ಅಜ್ಜನವರು (ಪುಟ್ಟರಾಜರು) ಹಾರ್ಮೋನಿಯಂ ತರಿಸಿ ಒಬ್ಬ ಹುಡುಗನಿಗೆ ಹಾಡಲು ಹೇಳಿದರು. ಅವನು ಭೀಮಪಲಾಸಿ ಆರಂಭಿಸಿದ. ನಿಷಾದದ ಮೇಲೆ ನಿಂತಾಗ ಅವರು ಸಾಥ್ ನಿಲ್ಲಿಸಿದರು. ಹುಡುಗ ಮತ್ತೆ ಹಾಡಿದ, ಅವರು ಮತ್ತೆ ನಿಲ್ಲಿಸಿದರು. ಒಂದು ಮಾತೂ ಆಡಲಿಲ್ಲ. ಸ್ವರ ಕೂದಲೆಳೆಯಷ್ಟು ಇಳಿದ ಮೇಲೆ ಹಾರ್ಮೋನಿಯಂ ಮುಂದುವರಿಯಿತು. ಅಷ್ಟು ಜನಸಂದಣಿಯ ದಿನ ಮೂರೋ ನಾಲ್ಕೋ ಜನ ಕೇಳಿದ ಆ ಪಾಠವನ್ನೇ ನಾನು ಕಚೇರಿ ಎಂದು ಎಣಿಸುತ್ತೇನೆ. ರಾಜಗುರು, ವೆಂಕಟೇಶ ಕುಮಾರ ಇಬ್ಬರೂ ಈ ಪರಂಪರೆಯವರೇ ಎನ್ನುವುದನ್ನು ವಿದ್ಯಾನಗರದವರು ಗಮನಿಸಬೇಕು. ನೀವು ಕೇಳಿ ಮೆಚ್ಚಿದ ಆ ಸ್ಪಷ್ಟ ಸಾಹಿತ್ಯದ ಬೇರು ಪುರಾಣ, ಕೀರ್ತನೆ, ನಾಟಕದಲ್ಲಿದೆ. ರಂಗದ ಮೇಲೆ ಕೊನೆಯ ಸಾಲಿನವನಿಗೆ ಮಾತು ತಿಳಿಯದಿದ್ದರೆ ಮರುದಿನ ಟಿಕೆಟ್ ಮಾರಾಟವಾಗುವುದಿಲ್ಲ.

ವಿದ್ಯಾನಗರ ತಬಲಾ

ಇದು ಒಳ್ಳೆಯ ಮಾತು. ನಾಟಕದ ಕೋನದಿಂದ ನಾನು ಯೋಚಿಸಿರಲಿಲ್ಲ. ಆದರೂ ವೆಂಕಟೇಶ ಕುಮಾರರು ಸಂಜೆಯೇ ಹಾಡಿದ್ದು!

ಸಾಧನಕೇರಿ ಮಳೆ

ಗಂಡಸರ ಬೈಠಕ್‌ಗಳ ಕಥೆ ಓದಿ ಸಂತೋಷವಾಯಿತು. ನನ್ನ ತಾಯಿಯ ಕಾಲದ ಎಷ್ಟೋ ಹೆಂಗಸರಿಗೆ ಕಚೇರಿ ಎಂದರೆ ಒಳಮನೆಯ ಬಾಗಿಲ ಹಿಂದಿನಿಂದ ಕೇಳಿದ್ದು, ಇಲ್ಲವೇ ರೇಡಿಯೋ. ಧಾರವಾಡ ಆಕಾಶವಾಣಿ 1950ರಲ್ಲಿ ಆರಂಭವಾಯಿತು. ಅಮ್ಮ ಬೆಳಿಗ್ಗೆ ಒಲೆಯ ಮುಂದೆ ಆಸಾವರಿ ಕೇಳಿದವಳು, ಮಧ್ಯಾಹ್ನ ಬಟ್ಟೆ ಒಗೆಯುತ್ತ ಸಾರಂಗ ಕೇಳಿದವಳು. ಯಾವ ಬೈಠಕ್ಕಿಗೂ ಹೋಗದೆ ಹೊತ್ತಿನ ರಾಗಗಳೆಲ್ಲ ಅವಳಿಗೆ ಗೊತ್ತಿದ್ದವು. ಮಾಳಮಡ್ಡಿಯವರು ಮೊಮ್ಮಗಳ ಮೊಬೈಲ್ ಬಗ್ಗೆ ಕೊರಗುವ ಮೊದಲು ಇದನ್ನೂ ಲೆಕ್ಕಕ್ಕೆ ಹಿಡಿಯಲಿ.

ಅಮ್ಮ ಎದುರು ಕುಳಿತು ಕೇಳಿದ್ದು ಗಂಗೂಬಾಯಿಯವರನ್ನು. ಹುಬ್ಬಳ್ಳಿಯಲ್ಲಿ, ನನ್ನನ್ನೂ ಕರೆದುಕೊಂಡು. ನಾನು ಶಾಲೆಯ ಹುಡುಗಿ. ಗಂಡಸಿನಂಥ ಆ ಧ್ವನಿ ಕೇಳಿ ನಗು ಬಂತು, ಅಮ್ಮ ತೊಡೆ ಚಿವುಟಿದಳು. ಗಂಟಲಿನ ಶಸ್ತ್ರಚಿಕಿತ್ಸೆಯ ಬಳಿಕ ಧ್ವನಿ ಹಾಗೆ ದಪ್ಪವಾಯಿತು ಎಂಬುದು ನನಗೆ ಬಹಳ ಮುಂದೆ ತಿಳಿಯಿತು. ಅಂದು ಅವರು ಮಾರವಾ ಹಾಡಿದರು. ಷಡ್ಜವನ್ನು ಕೊಡುವುದೇ ಇಲ್ಲ. ರಿಷಭಕ್ಕೆ ಬಂದು ನಿಲ್ಲುತ್ತಾರೆ, ಧೈವತಕ್ಕೆ ಹೋಗುತ್ತಾರೆ, ಈಗ ಷಡ್ಜ ಬಂತು ಎನ್ನುವಷ್ಟರಲ್ಲಿ ಬದಿಗೆ ಸರಿದು ಹೋಗುತ್ತಾರೆ. ಕೊನೆಗೆ ಷಡ್ಜ ಕೊಟ್ಟಾಗ ಅಮ್ಮ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಪಕ್ಕದಲ್ಲಿ ಮಗಳು ಕೃಷ್ಣಾ ಹಾನಗಲ್ ಕುಳಿತಿದ್ದರು. ತಾಯಿ ಬಿಟ್ಟ ಜಾಗದಿಂದ ಎಳೆ ಎತ್ತಿಕೊಂಡು ಮೇಲಿನ ಸಪ್ತಕಕ್ಕೆ ಹೋಗುತ್ತಿದ್ದರು. ಹಾಡಿನ ಮಧ್ಯೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಲೇ ಇರಲಿಲ್ಲ. 2004ರಲ್ಲಿ ಮಗಳು ಹೋದರು. ಆ ಮೇಲೂ ತಾಯಿ ಹಾಡಿದರು. ಸಂಗೀತ ಬದುಕಿನ 75ನೆಯ ವರ್ಷಕ್ಕೆ, 2006ರ ಮಾರ್ಚ್‌ನಲ್ಲಿ, ಕೊನೆಯ ಕಚೇರಿ. ಆಗ ಅವರಿಗೆ 93.

ಕರಿಕೋಟು

ವೃತ್ತಿಯಿಂದ ವಕೀಲ, ಆದ್ದರಿಂದ ಒಣ ಮಾತು. ರಾತ್ರಿಯ ಕಚೇರಿಗಳು ಕಡಿಮೆಯಾದದ್ದಕ್ಕೆ ಕೇಳುಗರ ರುಚಿಯನ್ನು ಮಾತ್ರ ದೂರಬೇಡಿ. 2000ದ ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸುವಂತಿಲ್ಲ. ಸಾಂಸ್ಕೃತಿಕ, ಧಾರ್ಮಿಕ ಸಂದರ್ಭಗಳಲ್ಲಿ ಮಧ್ಯರಾತ್ರಿ 12ರವರೆಗೆ ರಾಜ್ಯ ಸರ್ಕಾರ ಸಡಿಲಿಕೆ ಕೊಡಬಹುದು, ಅದೂ ವರ್ಷಕ್ಕೆ ಒಟ್ಟು 15 ದಿನ ಮೀರದಂತೆ. 2005ರಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಗಟ್ಟಿ ಮಾಡಿತು. ಬಯಲಿನ ಪೆಂಡಾಲಿನಲ್ಲಿ ಮಾಲಕಂಸವೇ ಕಷ್ಟ, ಲಲಿತ್ ದೂರದ ಮಾತು.

ಆದರೆ ಮುಚ್ಚಿದ ಸಭಾಂಗಣಕ್ಕೆ, ಒಳಗಿನ ಬಳಕೆಗೆ, ಈ ನಿರ್ಬಂಧ ಅನ್ವಯಿಸುವುದಿಲ್ಲ. ಅಂದರೆ ಒಳಾಂಗಣದಲ್ಲಿ ಬೆಳತನಕ ಹಾಡಲು ಕಾನೂನಿನ ಅಡ್ಡಿಯಿಲ್ಲ. ಅಲ್ಲಿ ಅಡ್ಡಿ ಬಾಡಿಗೆಯದು, ಕಾವಲುಗಾರನದು, ಕೊನೆಯ ಬಸ್ಸಿನದು.

ಮಾಳಮಡ್ಡಿ ಹಳಬ

ಮತ್ತು ಸನ್ಮಾನದ್ದು! ಅದನ್ನು ಬಿಟ್ಟಿರಲ್ಲ. ಆರಕ್ಕೆ ಎಂದು ಆಮಂತ್ರಣದಲ್ಲಿರುತ್ತದೆ. ಆರೂಕಾಲಿಗೆ ಸ್ವಾಗತ, ದೀಪ, ಪ್ರಾಸ್ತಾವಿಕ, ಅತಿಥಿಗಳ ಪರಿಚಯ, ಅತಿಥಿಗಳ ಭಾಷಣ, ಶಾಲು, ಹಾರ, ಫಲದ ಬುಟ್ಟಿ, ಅಧ್ಯಕ್ಷೀಯ ನುಡಿ. ಗಾಯಕನಿಗೆ ಮೈಕ್ ಸಿಗುವಾಗ ಎಂಟು. ಒಮ್ಮೆ ಹೊರ ರಾಜ್ಯದಿಂದ ಬಂದ ಹಿರಿಯ ಗಾಯಕರೊಬ್ಬರು ಇಳಿಹೊತ್ತಿನ ರಾಗವಾದ ಮುಲ್ತಾನಿ ಹಾಡಲು ಮನಸ್ಸು ಮಾಡಿಕೊಂಡು ಬಂದಿದ್ದರು. ಭಾಷಣ ಮುಗಿಯುವಷ್ಟರಲ್ಲಿ ಮುಲ್ತಾನಿಯ ಹೊತ್ತು ಮೀರಿತ್ತು. ಶ್ರೀ ರಾಗ ಎಂದುಕೊಂಡರು, ಅದೂ ದಾಟಿತು. ಕೊನೆಗೆ ಯಮನ್. ಸಂಘಟಕರ ಹೆಸರು ಹೇಳುವುದಿಲ್ಲ, ಎಲ್ಲರೂ ಹೀಗೆಯೇ.

ಹಳೇ ಹುಬ್ಬಳ್ಳಿ

ನಡುವೆ ಬಾಯಿ ಹಾಕುವುದಕ್ಕೆ ಕ್ಷಮೆಯಿರಲಿ. ಗಣೇಶೋತ್ಸವದ ಆರ್ಕೆಸ್ಟ್ರಾಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲವೇ? ಎಂಬತ್ತು, ತೊಂಬತ್ತರ ದಶಕದಲ್ಲಿ ಪೆಂಡಾಲಿನಿಂದ ಪೆಂಡಾಲಿಗೆ ನಡೆದುಕೊಂಡು ಕೇಳುತ್ತಿದ್ದೆವು. ರಾಜಕುಮಾರ್ ಧ್ವನಿಯಲ್ಲಿ ಹಾಡುವ ಒಬ್ಬ, ಪಿ.ಬಿ. ಶ್ರೀನಿವಾಸ್ ಧ್ವನಿಯಲ್ಲಿ ಹಾಡುವ ಇನ್ನೊಬ್ಬ, ಗಂಡು ಹೆಣ್ಣು ಎರಡೂ ಧ್ವನಿಯಲ್ಲಿ ಯುಗಳ ಗೀತೆ ಹೇಳಿ ಶಿಳ್ಳೆ ಹೊಡೆಸಿಕೊಳ್ಳುವ ಮೂರನೆಯವ. ಸಿದ್ಧಾರೂಢರ ಮಠದಲ್ಲಿ ಜಾತ್ರೆಯ ಭಜನೆ ಕೇಳಿದ ಕಿವಿಯೇ ಇದನ್ನೂ ಕೇಳುತ್ತಿತ್ತು. ತೋಡಿಯ ಹೊತ್ತು ನನಗೆ ತಿಳಿಯದು. ಮರೆತಿಲ್ಲ ಎಂಬುದಷ್ಟೇ ಅರ್ಹತೆಯಾದರೆ ನನ್ನದೂ ಇರಲಿ.

ಏಲಕ್ಕಿ ಹಾವೇರಿ

ಇರಲಿ, ಖಂಡಿತ ಇರಲಿ.

ಕುಂದಗೋಳ ಪ್ಯಾಸೆಂಜರ್

ದಿನಾಂಕಗಳ ವಿಚಿತ್ರವೊಂದು. ಸವಾಯಿ ಗಂಧರ್ವರು ತೀರಿಕೊಂಡದ್ದು 1952ರ ಸೆಪ್ಟೆಂಬರ್ 12ರಂದು. ಮನಸೂರರು 1992ರ ಸೆಪ್ಟೆಂಬರ್ 12ರಂದು. ರಾಜಗುರು 1991ರ ಜುಲೈ 21, ಗಂಗೂಬಾಯಿ 2009ರ ಜುಲೈ 21. ಪಂಚಾಂಗ ನೋಡುವವರು ಅರ್ಥ ಹುಡುಕಿಕೊಳ್ಳಲಿ. ನನಗೆ ಅನುಕೂಲವಾದದ್ದು ಇಷ್ಟೇ, ಎರಡು ದಿನ ನೆನಪಿಟ್ಟುಕೊಂಡರೆ ನಾಲ್ವರ ಧ್ವನಿಮುದ್ರಿಕೆ ಕೇಳುವ ದಿನ ತಪ್ಪುವುದಿಲ್ಲ.

ರಾಜಗುರುಗಳ ಬಗ್ಗೆ ಯಾರೂ ವಿವರವಾಗಿ ಬರೆಯಲಿಲ್ಲವಲ್ಲ. ಖಯಾಲ್, ಠುಮ್ರಿ, ಮರಾಠಿ ನಾಟ್ಯಗೀತೆ, ವಚನ ಎಲ್ಲವನ್ನೂ ಒಂದೇ ಕೂಟದಲ್ಲಿ ಹಾಡಿ ಒಂದರ ನೆರಳು ಇನ್ನೊಂದರ ಮೇಲೆ ಬೀಳದಂತೆ ನೋಡಿಕೊಳ್ಳುತ್ತಿದ್ದರು. ಇಂಥದ್ದನ್ನೇ ಹಾಡಿ ಎಂಬ ಫರ್ಮಾಯಿಷ್ ಚೀಟಿಗಳು ಬಂದರೆ ಬೇಸರಿಸುತ್ತಿರಲಿಲ್ಲ. ಅಂಥ ಸಂಗೀತಗಾರ ಒಂದೂವರೆ ಗಂಟೆಯ ಕಚೇರಿಗೆ ಹೇಳಿ ಮಾಡಿಸಿದವರಲ್ಲ. ಅವರಿಗೆ ರಾತ್ರಿ ಬೇಕಿತ್ತು.

ವಿದ್ಯಾನಗರ ತಬಲಾ

ಸರಿ, ನನ್ನ ನಿಲುವನ್ನು ಸ್ಪಷ್ಟಪಡಿಸುತ್ತೇನೆ. ಸಂಜೆಯ ಕಚೇರಿ ಕೀಳಲ್ಲ. ಆದರೆ ತಬಲಾ ನುಡಿಸುವವನಾಗಿ ನಾನು ಲಲಿತ್‌ಗೆ ಸಾಥ್ ಮಾಡಿದ್ದೇ ಇಲ್ಲ, ತೋಡಿಗೆ ಮಾಡಿದ್ದು ಗುರುಗಳ ಮನೆಯಲ್ಲಿ ಮಾತ್ರ. ಬೆಳಗಿನ ಬೈಠಕ್ ಯಾರಾದರೂ ಏರ್ಪಡಿಸಿದರೆ ಬರುತ್ತೇನೆ, ಸಂಭಾವನೆ ಬೇಡ. ಭಾಷಣ ಮಾತ್ರ ಇರಬಾರದು.

ಮಾಳಮಡ್ಡಿ ಹಳಬ

ನಮ್ಮ ಮನೆಯ ಮಹಡಿ ಇದೆ. ಐವತ್ತು ಜನ ಹಿಡಿಸುತ್ತಾರೆ. ಒಂದು ಭಾನುವಾರ ಬೆಳಗಿನ ಜಾವ ನಾಲ್ಕೂವರೆಗೆ ತಂಬೂರಿ ಕೂಡಿಸೋಣ, ಐದಕ್ಕೆ ಆರಂಭ. ಲಲಿತ್, ಆ ಮೇಲೆ ಭೈರವ, ಬಿಸಿಲೇರಿದ ಮೇಲೆ ತೋಡಿ. ಪುಣ್ಯಾಶ್ರಮದಲ್ಲಿ ಕಲಿತ ಯುವ ಗಾಯಕರನ್ನು ಕೇಳೋಣ. ಗದಗಿನವರು ವಿಚಾರಿಸಿ ತಿಳಿಸಬೇಕು.

ಗದಗ ಸ್ಟೇಷನ್ ರಸ್ತೆ

ವಿಚಾರಿಸುತ್ತೇನೆ. ಆದರೆ ಹಿಂದಿನ ರಾತ್ರಿಯೇ ಅವರನ್ನು ಕರೆತಂದು ಉಳಿಸಿಕೊಳ್ಳಬೇಕು. ಹಾಡುವ ಮುಂಚೆ ಬಿಸಿನೀರು, ಹಾಡಿದ ಮೇಲೆ ಉಪ್ಪಿಟ್ಟು. ಸಂಭಾವನೆ ತಬಲೆಯವರು ಬಿಟ್ಟರೂ ಗಾಯಕರಿಗೆ ತಪ್ಪದೆ ಕೊಡಬೇಕು. ಕಲೆಯ ಸೇವೆ ಎಂದು ಹೇಳಿ ಬಸ್ ಚಾರ್ಜು ಮಾತ್ರ ಕೈಗಿಡುವ ಪದ್ಧತಿ ಈ ಊರುಗಳಲ್ಲಿ ಸಾಕಷ್ಟಾಗಿದೆ.

ಸಾಧನಕೇರಿ ಮಳೆ

ಉಪ್ಪಿಟ್ಟನ್ನು ಮಾಡುವವರೂ ಕುಳಿತು ಕೇಳುವಂತಾಗಬೇಕು. ಹೊರಗಿನಿಂದ ತರಿಸಿ. ಈ ಷರತ್ತಿಗೆ ಒಪ್ಪಿದರೆ ನಾನೂ, ಇನ್ನೂ ನಾಲ್ಕೈದು ಗೆಳತಿಯರೂ ಬರುತ್ತೇವೆ.

ಮಾಳಮಡ್ಡಿ ಹಳಬ

ಒಪ್ಪಿದೆ. ಧ್ವನಿವರ್ಧಕರೇ, ನಿಮ್ಮ ಸಹಾಯ ಬೇಕಾಗಬಹುದು.

ಧ್ವನಿವರ್ಧಕ

ಐವತ್ತು ಜನರ ಮಹಡಿಗೆ ಮೈಕ್ ತರುವುದಿಲ್ಲ. ಜಮಖಾನೆ ಹಾಸಲು ಬರುತ್ತೇನೆ. ಕಿಟಕಿಗಳಿಗೆ ದಪ್ಪ ಪರದೆ ಹಾಕಿ, ಗೋಡೆಯ ಕಡೆಗೆ ತಬಲಾ ತಿರುಗಿಸಬೇಡಿ.

ಕರಿಕೋಟು

ಧ್ವನಿವರ್ಧಕ ಇಲ್ಲದಿದ್ದರೆ ಆ ನಿಯಮ ನಿಮ್ಮ ತಂಟೆಗೆ ಬರುವುದಿಲ್ಲ. ನೆರೆಮನೆಯವರು ಬರಬಹುದು. ಮೊದಲ ಆಮಂತ್ರಣ ಅವರಿಗೆ ಕೊಡಿ, ಮತ್ತು ನಿಮ್ಮ ಬೀದಿಯ ನಾಯಿಗಳು ಬೆಳಗಿನ ಐದಕ್ಕೆ ಯಾವ ಶ್ರುತಿಯಲ್ಲಿ ಹಾಡುತ್ತವೆ ಎಂಬುದನ್ನು ಒಮ್ಮೆ ಕೇಳಿಟ್ಟುಕೊಳ್ಳಿ.